ಹೊಟ್ಟೆಪಟ್ಟಿ ಹೇಳಿದ್ದು

ಆ ದಿನ ಬೆಳಿಗ್ಗೆ ಒಂಬತ್ತು ಹೊಡೆಯುವುದರೊಳಗೆ ಹನ್ನೊಂದು ಹೊಟ್ಟೆಗಳು ಗುರುಸಿದ್ಧಪ್ಪನ ಕಣ್ಣ ಮುಂದೆ ಹಾದುಹೋಗಿದ್ದವು. ಹನ್ನೆರಡನೆಯದು ಅವನ ಮಗಳದಾಗಿತ್ತು.

ಪರದೆಯ ಮೇಲೆ ಹೆಸರು ನೋಡಿದರೂ ಅವನಿಗೆ ನಂಬಿಕೆಯಾಗಲಿಲ್ಲ. ಕಸ್ತೂರಿ, ಹತ್ತು ವರ್ಷ, ತೊಂಡಿಗೇರಿ ಆರೋಗ್ಯ ಕೇಂದ್ರ. ಊರಲ್ಲಿ ಇನ್ನೊಬ್ಬ ಕಸ್ತೂರಿ ಇದ್ದಾಳೆಯೇ ಎಂದು ಯೋಚಿಸುವಷ್ಟರಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತನ್ನ ಹೆಸರೇ ಕಂಡಿತು. ಅದರ ಬೆನ್ನಿಗೇ ತೀರ್ಪೂ ಬಂತು: ಕರುಳಿನ ಸೋಂಕು, ಶಸ್ತ್ರಚಿಕಿತ್ಸೆ ಬೇಡ. ಎಲ್ಲೋ ಹಾಳುಮೂಳು ತಿಂದಿರಬೇಕು, ಎರಡು ದಿನ ಗಂಜಿ ಕುಡಿದರೆ ಸರಿಹೋಗುತ್ತದೆ ಅಂದುಕೊಂಡ.

ಹೊಟ್ಟೆಪಟ್ಟಿ ಬಂದು ಆಗ ಆರು ವರ್ಷವಾಗಿತ್ತು. ನೋಡಲಿಕ್ಕೆ ಬೆನ್ನುನೋವಿಗೆ ಕಟ್ಟಿಕೊಳ್ಳುವ ಪಟ್ಟಿಯ ಹಾಗೆಯೇ ಇತ್ತು. ಒಳಗೆ ಸಾವಿರಾರು ಸಣ್ಣ ಹರಳುಗಳು. ಕಿವಿಗೆ ಕೇಳದ ಸದ್ದನ್ನು ಅವು ಹೊಟ್ಟೆಯೊಳಕ್ಕೆ ಕಳಿಸುತ್ತಿದ್ದವು, ಮರಳಿ ಬಂದ ಸದ್ದಿನಿಂದ ಒಳಗಿನ ಚಿತ್ರ ಮೂಡುತ್ತಿತ್ತು. ಇಷ್ಟನ್ನು ಹಳೆಯ ಸ್ಕ್ಯಾನಿಂಗ್ ಯಂತ್ರವೂ ಮಾಡುತ್ತಿತ್ತು. ಪಟ್ಟಿಯ ಹೆಚ್ಚುಗಾರಿಕೆ ಎಂದರೆ ಅದು ತಾನೇ ಗಾಳಿ ತುಂಬಿಕೊಂಡು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು. ಚೆನ್ನಾಗಿರುವ ಕರುಳು ಒತ್ತಿದರೆ ಚಪ್ಪಟೆಯಾಗುತ್ತದೆ. ಬಾತ ಅಪೆಂಡಿಕ್ಸ್ ಹಾಗಲ್ಲ, ಹಸಿಮೆಣಸಿನಕಾಯಿಯಂತೆ ಸೆಟೆದುಕೊಂಡೇ ಇರುತ್ತದೆ. ಆರು ಮಿಲಿಮೀಟರಿಗಿಂತ ದಪ್ಪವಾಗಿ, ಒತ್ತಿದರೂ ಬಗ್ಗದಿದ್ದರೆ ಕೊಯ್ದು ತೆಗೆಯಬೇಕು. ಅದು ತೆಳ್ಳಗೇ ಇದ್ದು, ಪಕ್ಕದ ಸಣ್ಣಕರುಳಿನ ಗೋಡೆ ದಪ್ಪವಾಗಿ, ಸುತ್ತ ಗಂಟುಗಳು ಊದಿದ್ದರೆ ಸೋಂಕು. ಅದಕ್ಕೆ ಚಾಕು ಬೇಡ, ಔಷಧ ಸಾಕು. ಎರಡರ ನೋವೂ ಒಂದೇ ಜಾಗದಲ್ಲಿ, ಬಲಗಡೆ ಕಿಬ್ಬೊಟ್ಟೆಯಲ್ಲಿ ಬರುವುದರಿಂದ ಎಷ್ಟೋ ಕಾಲ ವೈದ್ಯರು ಮೋಸಹೋಗಿದ್ದರು. ಮೋಸ ಮಾಡಿದ್ದೂ ಉಂಟು.

ಆ ಮೋಸಕ್ಕೆ ಗುರುಸಿದ್ಧಪ್ಪನ ಹೆಂಡತಿ ದಾಕ್ಷಾಯಣಿಯೇ ಸಾಕ್ಷಿ. ಮದುವೆಯಾದ ಹೊಸದರಲ್ಲಿ ಹೊಟ್ಟೆನೋವು ಅಂತ ಒಂದು ನರ್ಸಿಂಗ್ ಹೋಮಿಗೆ ಹೋದವಳನ್ನು, ಅಪೆಂಡಿಕ್ಸ್ ಈಗಲೋ ಆಗಲೋ ಒಡೆಯುತ್ತದೆ ಎಂದು ಹೆದರಿಸಿ ಮಲಗಿಸಿ ಕೊಯ್ದರು. ತೆಗೆದದ್ದರಲ್ಲಿ ಯಾವ ರೋಗವೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಅವರ ನೇಕಾರರ ಓಣಿಯೊಂದರಲ್ಲೇ ಅಂಥ ಹೆಂಗಸರು ಒಂಬತ್ತು ಜನ ಸಿಕ್ಕರು. ಆಗ ಗುರುಸಿದ್ಧಪ್ಪ ಸುಮ್ಮನಿರಲಿಲ್ಲ. ಹಳೆಯ ಸ್ಕ್ಯಾನಿಂಗ್ ಯಂತ್ರದ ಸಹಾಯಕನಾಗಿದ್ದವನು ಕೆಲಸ ಬಿಟ್ಟು ಆ ಒಂಬತ್ತು ಜನರನ್ನು ಕರೆದುಕೊಂಡು ಕಚೇರಿ ಮುಂದೆ ಕೂತ, ಅಧಿಕಾರಿಗಳ ಮೇಜು ಬಡಿದ, ಎರಡು ಸಲ ಪೊಲೀಸರ ಲಾಠಿ ತಿಂದ. ಕೊನೆಗೆ ಕಾನೂನು ಬಂತು. ಪಟ್ಟಿ 'ಕೊಯ್ಯಿರಿ' ಎಂದು ಹೇಳಿ ಒಂದು ಸಂಖ್ಯೆ ಕೊಡಬೇಕು. ಸಂಖ್ಯೆ ಇಲ್ಲದೆ ಆಂಬುಲೆನ್ಸ್ ಹೊರಡುವುದಿಲ್ಲ, ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ತೆರೆಯುವುದಿಲ್ಲ. ಸಂಖ್ಯೆ ಇಲ್ಲದೆ ಕೊಯ್ದ ವೈದ್ಯನಿಗೆ ಮೂರು ವರ್ಷ ಜೈಲು. ಕೆಲವು ನರ್ಸಿಂಗ್ ಹೋಮಿನವರು ಒಬ್ಬರಿಗೇ ಹತ್ತು ಸಲ ಪಟ್ಟಿ ಕಟ್ಟಿ, ಹನ್ನೊಂದನೆಯ ಸಲ ಸಂಖ್ಯೆ ಹುಟ್ಟಿಸಿದಾಗ ಇನ್ನೊಂದು ನಿಯಮ ಸೇರಿತು. ಒಬ್ಬರಿಗೆ ಒಮ್ಮೆ ಕಟ್ಟಿದರೆ ಮತ್ತೆ ನಾಲ್ಕು ತಾಸು ಕಟ್ಟುವಂತಿಲ್ಲ. ಕಟ್ಟಿದರೂ ಅದು ನೋಡುವುದಿಲ್ಲ. ಒಳಗಿನ ಕರುಳಿನ ಸುತ್ತುಗಳಿಂದಲೇ ಅದು ಹೊಟ್ಟೆಯ ಗುರುತು ಹಿಡಿಯುತ್ತಿತ್ತು. ಹೆಸರು ಬದಲಿಸಿ ಮೋಸ ಮಾಡಲಿಕ್ಕೂ ದಾರಿಯಿರಲಿಲ್ಲ.

ಈ ನಿಯಮಗಳಲ್ಲಿ ಅರ್ಧ ಗುರುಸಿದ್ಧಪ್ಪ ಜಗಳಾಡಿ ತಂದವು. ಸರಕಾರ ಅವನನ್ನು ಕರೆದು ಜಿಲ್ಲಾ ಆಸ್ಪತ್ರೆಯ ಮಹಡಿಯ ಮೇಲಿನ ನೋಟದ ಕೋಣೆಯಲ್ಲಿ ಕೂರಿಸಿತು. ಮನೆಯವರು ತೊಂಡಿಗೇರಿಯಲ್ಲೇ ಉಳಿದರು, ಅವನು ವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದ. ಜಿಲ್ಲೆಯ ಎಲ್ಲ ಆರೋಗ್ಯ ಕೇಂದ್ರಗಳ ಚಿತ್ರಗಳು ಅಲ್ಲಿಗೆ ಬರುತ್ತಿದ್ದವು. ಪಟ್ಟಿ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ, ಚಿತ್ರ ಸ್ವಚ್ಛವಾಗಿದೆಯೋ ಇಲ್ಲವೋ ನೋಡುವುದಷ್ಟೇ ಅವನ ಕೆಲಸ. ತೀರ್ಪು ಪಟ್ಟಿಯದು. ಅದರಲ್ಲಿ ಬಾಯಿ ಹಾಕುವ ಅಧಿಕಾರ ಅವನಿಗಾಗಲಿ ಯಾವ ಮನುಷ್ಯನಿಗಾಗಲಿ ಇರಲಿಲ್ಲ. ಅದೂ ಅವನೇ ಬೇಡಿದ್ದು.

ಮಗಳ ಚಿತ್ರವನ್ನು ಅವನು ಮುಂದಕ್ಕೆ ಸರಿಸಬೇಕಾಗಿತ್ತು. ಕೈ ಹೋಗಲಿಲ್ಲ, ಇನ್ನೊಮ್ಮೆ ನೋಡಿದ. ಸಣ್ಣಕರುಳಿನ ಗೋಡೆ ದಪ್ಪವಾಗಿತ್ತು, ಗಂಟುಗಳಿದ್ದವು, ಸೋಂಕೇ. ಅಪೆಂಡಿಕ್ಸ್ ತೆಳ್ಳಗಿತ್ತು. ಆದರೆ ಅದು ಒತ್ತುವ ಮೊದಲೇ ಚಪ್ಪಟೆಯಾಗಿತ್ತು, ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ. ಅದರ ಕೆಳಗೆ, ಕಿಬ್ಬೊಟ್ಟೆಯ ತಳದಲ್ಲಿ, ಒಂದು ಕಪ್ಪು ಗೆರೆ. ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಸೋಂಕಿನಲ್ಲೂ ಸ್ವಲ್ಪ ನೀರು ಇರುವುದುಂಟು. ಪಟ್ಟಿ ಅದನ್ನು ಹಾಗೇ ಲೆಕ್ಕ ಹಾಕಿತ್ತು.

ಗುರುಸಿದ್ಧಪ್ಪ ಹೆಂಡತಿಗೆ ಫೋನು ಹಚ್ಚಿದ. ಯಾವಾಗಿನಿಂದ ನೋವು ಎಂದು ಕೇಳಿದ. ನಿನ್ನೆ ಮಧ್ಯಾಹ್ನದಿಂದ ಎಂದಳು. ಇವತ್ತು ನಸುಕಿನಲ್ಲಿ ಮಗು ಮೊಣಕಾಲು ಎದೆಗೆ ಹಚ್ಚಿಕೊಂಡು ಬಿದ್ದಿತ್ತಂತೆ. ಆಮೇಲೆ ಒಮ್ಮೆಲೇ ನೋವು ಇಳಿಯಿತಂತೆ, ಎದ್ದು ಕೂತು ನಕ್ಕಳಂತೆ, ಅರ್ಧ ಬಟ್ಟಲು ಗಂಜಿ ಕುಡಿದಳಂತೆ. ಈಗ ಜ್ವರ ಬಂದಿದೆ, ಅದಕ್ಕೇ ಕರೆತಂದೆ ಎಂದಳು.

ಒಮ್ಮೆಲೇ ಇಳಿಯಿತು ಎಂಬ ಮಾತಿಗೆ ಅವನು ಮತ್ತೆ ಆ ಕಪ್ಪು ಗೆರೆಯ ಕಡೆ ನೋಡಿದ.

"ಅವ್ವ ಬಟ್ಟಿ ಎತ್ತಿದ್ಲೇನು?"

ಆರೋಗ್ಯ ಕೇಂದ್ರದ ಹೊರಗೆ ಯಾವುದೋ ಟಂಟಂ ಗಾಡಿ ಹಾದುಹೋದ ಸದ್ದು ಫೋನಿನಲ್ಲಿ ಕೇಳಿತು.

"ಸಿಸ್ಟರ್ ಕೇಳಲಿಲ್ಲ, ನಾ ಹೇಳಲಿಲ್ಲ," ಎಂದಳು ದಾಕ್ಷಾಯಣಿ. "ಹೇಳಿದ್ರ ಬೈತಾರಂತ ಕಡ್ಲಿ ಹಿಟ್ಟು ಹಚ್ಚಿ ಎಣ್ಣಿ ತೊಳಕೊಂಡ ಬಂದೇನಿ."

ಅವರ ಸೀಮೆಯಲ್ಲಿ ಹೊಟ್ಟೆನೋವೆಂದರೆ ಮೊದಲು ಬಟ್ಟಿ. ಹೊಕ್ಕಳಲ್ಲಿ ಒಂದು ಮಿಡಿತವಿದೆ, ಭಾರ ಎತ್ತಿದರೆ, ಎಡವಿ ಬಿದ್ದರೆ ಅದು ಜಾಗ ಬಿಟ್ಟು ಸರಿಯುತ್ತದೆ ಎಂಬುದು ಜನರ ನಂಬಿಕೆ. ಹರಳೆಣ್ಣೆ ಹಚ್ಚಿ ನಾಲ್ಕೂ ಕಡೆಯಿಂದ ನೀವಿ, ಎಳೆದು, ಹೊಕ್ಕಳಿಗೆ ತರುತ್ತಾರೆ. ಆಮೇಲೆ ಹಿಟ್ಟಿನ ಉಂಡೆಯಲ್ಲಿ ಬತ್ತಿ ಹೊತ್ತಿಸಿ ಹೊಕ್ಕಳ ಮೇಲಿಟ್ಟು ತಂಬಿಗೆ ಬೋರಲು ಹಾಕುತ್ತಾರೆ. ಉರಿ ಆರುತ್ತಲೇ ತಂಬಿಗೆ ಹೊಟ್ಟೆಯನ್ನು ಕಚ್ಚಿ ಮೇಲಕ್ಕೆಳೆಯುತ್ತದೆ. ಈ ಕೆಲಸದಲ್ಲಿ ಗುರುಸಿದ್ಧಪ್ಪನ ತಾಯಿ ಬಾಳವ್ವನ ಕೈ ಎಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು. ಬರೀ ವಾಯುವಿನ ನೋವಾದರೆ ಅದರಿಂದ ಏನೂ ಕೆಡುವುದಿಲ್ಲ. ಕೀವು ತುಂಬಿದ ಅಪೆಂಡಿಕ್ಸ್ ಮೇಲೆ ಆ ಕೈ ಬಿದ್ದರೆ ಅದು ಒಡೆಯುತ್ತದೆ. ಒಡೆದ ಕ್ಷಣ ಬಿಗಿತ ಇಳಿದು ನೋವು ಮಾಯವಾಗುತ್ತದೆ, ಮಗು ನಗುತ್ತದೆ, ಬಾಳವ್ವನಿಗೆ ಇನ್ನಷ್ಟು ಹೆಸರು ಬರುತ್ತದೆ. ಕೀವು ಒಳಗೆ ಹರಡುತ್ತ ಹೋಗುತ್ತದೆ. ಖಾಲಿಯಾದ ಅಪೆಂಡಿಕ್ಸ್ ತೆಳ್ಳಗೆ, ಚಪ್ಪಟೆಯಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ.

ಪಟ್ಟಿಗೆ ಇದು ಯಾಕೆ ಗೊತ್ತಿಲ್ಲ? ಯಾರೂ ಹೇಳಲಿಲ್ಲ, ಅದಕ್ಕೆ. ಪಟ್ಟಿಗೆ ವಿದ್ಯೆ ಕಲಿಸುತ್ತಿದ್ದ ಕಾಲದಲ್ಲಿ ಪ್ರತಿ ಚಿತ್ರದ ಜೊತೆ ಒಂದು ಪ್ರಶ್ನೆ ಇರುತ್ತಿತ್ತು, ಮನೆಯಲ್ಲಿ ತಿಕ್ಕಿಸಿದ್ದೀರಾ ಎಂದು. ಮೂರು ಸಾವಿರ ತಾಯಂದಿರು ಇಲ್ಲ ಎಂದಿದ್ದರು. ಮೂರು ಸಾವಿರವೂ ಸುಳ್ಳು ಎಂದು ಗುರುಸಿದ್ಧಪ್ಪನಿಗೆ ಗೊತ್ತಿತ್ತು, ಅವರಲ್ಲಿ ಎಷ್ಟೋ ಜನ ಅವನ ಮನೆಯಿಂದಲೇ ಬಂದವರಾಗಿದ್ದರು. ಈ ಪ್ರಶ್ನೆ ಇಟ್ಟುಕೊಳ್ಳೋಣವೋ ತೆಗೆಯೋಣವೋ ಎಂದು ಪಟ್ಟಿ ತಯಾರಿಸುವವರು ತಮ್ಮ ಸಭೆಗೆ ಅವನನ್ನೂ ಕರೆದು ಕೇಳಿದಾಗ ಅವನಿಗೆ ಹೇಳಬೇಕೆನಿಸಿತ್ತು. ಆದರೆ ಕೋಟು ಹಾಕಿಕೊಂಡವರ ನಡುವೆ, ನನ್ನ ತಾಯಿಯೇ ಆ ಕೆಲಸ ಮಾಡುತ್ತಾಳೆ ಎನ್ನಲಿಕ್ಕೆ ನಾಚಿಕೆ ಬಂತು. ತೆಗೀರಿ, ಅದೆಲ್ಲ ಹಳೇ ಕಾಲದ ಮಾತು ಎಂದುಬಿಟ್ಟಿದ್ದ. ಜಗತ್ತನ್ನೆಲ್ಲ ಬೈಯುವ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಅವನು ಮೆಟ್ಟಿಲಿಳಿದು ಓಡಿದ. ಕೆಳಗೆ ಶಸ್ತ್ರಚಿಕಿತ್ಸಕ ನದಾಫ್ ಡಾಕ್ಟರು ಒಬ್ಬ ಮುದುಕನ ಕಾಲಿನ ಗಾಯ ತೊಳೆಯುತ್ತಿದ್ದರು. ಐವತ್ತೆಂಟು ದಾಟಿದ ಮನುಷ್ಯ. ಪಟ್ಟಿ ಬರುವ ಮೊದಲಿನ ಕಾಲದವರು, ಕೈಯಿಂದ ಹೊಟ್ಟೆ ಮುಟ್ಟಿ ನೋಡುವ ರೂಢಿ ಜಿಲ್ಲೆಯಲ್ಲಿ ಅವರೊಬ್ಬರಿಗೇ ಉಳಿದಿತ್ತು. ಗುರುಸಿದ್ಧಪ್ಪ ಹೇಳಿದ್ದನ್ನು ಪೂರಾ ಕೇಳಿ, ಮೊದಲು ಮಗೂನ ತರಿಸ್ರಿ ಎಂದರು.

ತರಿಸುವುದು ಹೇಗೆ? ಆಂಬುಲೆನ್ಸಿಗೆ ಸಂಖ್ಯೆ ಬೇಕು. ಅರವತ್ತು ಕಿಲೋಮೀಟರು ದೂರದಿಂದ ದಾಕ್ಷಾಯಣಿಯೂ ಬಾಳವ್ವನೂ ಮಗುವನ್ನು ಟಂಟಂನಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ಹೊರಟರು. ಗುರುಸಿದ್ಧಪ್ಪ ಮೇಲೆ ಹೋಗಿ ರಾಜಧಾನಿಯ ಮುಖ್ಯ ಕೇಂದ್ರಕ್ಕೆ ಫೋನು ಮಾಡಿದ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು. ಪಟ್ಟಿಯ ತೀರ್ಪು ನೂರರಲ್ಲಿ ತೊಂಬತ್ತೊಂಬತ್ತು ಸರಿಯಿರುತ್ತದೆ, ನಾಲ್ಕು ತಾಸಿನ ನಂತರ ಮರುಪರೀಕ್ಷೆ ಮಾಡಿಸಬಹುದು ಎಂದಳು. ಬಟ್ಟಿಯ ವಿಷಯ ಬಿಡಿಸಿ ಹೇಳಿದ. ಅದನ್ನು ಬರೆದುಕೊಳ್ಳಲು ತನ್ನ ಮುಂದೆ ಜಾಗವೇ ಇಲ್ಲ, ಸರ್ ಎಂದಳು. ಅವನು ಬಾಯಿಗೆ ಬಂದಂತೆ ಬೈದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ನಿಮ್ಮ ದೂರು ದಾಖಲಾಗಿದೆ ಎಂದು ಫೋನಿಟ್ಟಳು.

ಹನ್ನೆರಡಕ್ಕೆ ಕಾಲು ತಾಸಿರುವಾಗ ಟಂಟಂ ಬಂತು. ಕಸ್ತೂರಿಯ ತುಟಿ ಬಿಳಿಚಿತ್ತು, ಕಣ್ಣು ಗುಳಿಬಿದ್ದಿದ್ದವು. ಅಪ್ಪನನ್ನು ನೋಡಿ, ಗಾಡಿ ಕುಲುಕಿದಾಗೆಲ್ಲ ಹೊಟ್ಟ್ಯಾಗ ಚಾಕು ಹಾಕಿದಂಗಾತು ಎಂದಳು. ಅಳಲಿಲ್ಲ. ಅತ್ತರೂ ಹೊಟ್ಟೆ ಅಲುಗುತ್ತದೆ ಎಂದು ಅವಳಿಗೆ ತಿಳಿದಿತ್ತು.

ನದಾಫ್ ಡಾಕ್ಟರು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವಳ ಹೊಟ್ಟೆಯ ಮೇಲಿಟ್ಟರು. ಅದು ಹಲಗೆಯಂತೆ ಬಿಗಿದಿತ್ತು. ಮೆಲ್ಲಗೆ ಒತ್ತಿ ತಟ್ಟನೆ ಕೈ ತೆಗೆದರು. ಮಗು ಹಲ್ಲು ಕಚ್ಚಿತು. ಅವರು ಗ್ಲುಕೋಸ್ ಹಚ್ಚಿಸಿ, ಇದ್ದುದರಲ್ಲಿ ಬಲವಾದ ಔಷಧವನ್ನು ನರಕ್ಕೆ ಕೊಡಿಸಿದರು. ಆಮೇಲೆ ಗೋಡೆ ಗಡಿಯಾರ ನೋಡುತ್ತ ಕೂತರು. ಕೊಯ್ಯಲು ಬಲ್ಲ ಡಾಕ್ಟರು, ಕೊಯ್ಯಬೇಕಾದ ಹೊಟ್ಟೆ, ಹತ್ತು ಹೆಜ್ಜೆಯಾಚೆ ಕೋಣೆ. ಎಲ್ಲವೂ ಇದ್ದು ಒಂದು ತಾಸಿಗೂ ಹೆಚ್ಚು ಹೊತ್ತು ಸುಮ್ಮನೆ ಕಳೆಯಿತು.

ಮರುಪರೀಕ್ಷೆಯ ಪಟ್ಟಿಯನ್ನು ಗುರುಸಿದ್ಧಪ್ಪನೇ ಕಟ್ಟಿದ. ಪಟ್ಟಿ ಗಾಳಿ ತುಂಬಿಕೊಂಡು ಒತ್ತಿದಾಗ ಮಗು ಅವನ ಅಂಗಿ ಹಿಡಿದುಕೊಂಡಿತು. ಅಷ್ಟು ಹೊತ್ತಿಗೆ ಒಳಗೆ ಕೀವು ಹರಡಿ ಕರುಳುಗಳೆಲ್ಲ ಊದಿದ್ದವು. ಅಪೆಂಡಿಕ್ಸ್ ಮೊದಲಿಗಿಂತ ತೆಳ್ಳಗಾಗಿತ್ತು. ಪಟ್ಟಿ ತನಗೆ ಕಲಿಸಿದ್ದನ್ನು ಶಿಸ್ತಾಗಿ ಹೇಳಿತು: ಸೋಂಕು ಹೆಚ್ಚಾಗಿದೆ. ಶಸ್ತ್ರಚಿಕಿತ್ಸೆ ಅಪಾಯ.

ನದಾಫ್ ಡಾಕ್ಟರು ಗಂಡಹೆಂಡತಿಯನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದರು. ಬಾಳವ್ವ ಬಾಗಿಲ ಬಳಿ ನಿಂತಳು. ಶಸ್ತ್ರಚಿಕಿತ್ಸೆಯ ಕೋಣೆ ತೆರೆಯುವುದಿಲ್ಲ, ಆದರೆ ಇಲ್ಲಿ ಮೇಜಿದೆ, ದೀಪವಿದೆ, ಬೆನ್ನಿಗೆ ಸೂಜಿ ಕೊಟ್ಟು ಕೊಯ್ಯಬಹುದು, ಹಿಂದೆ ಹಾಗೆಯೇ ಮಾಡುತ್ತಿದ್ದೆವು ಎಂದರು. "ಆದ್ರ ನೀವಿಬ್ಬರೂ ಮನಸಾರೆ ಒಪ್ಪಬೇಕ್ರಿ. ನಾಳೆ ಒಬ್ಬರು ಒಲ್ಲೆ ಅಂದ್ರ ನಾ ಕಳ್ಳ ಆಗ್ತೀನಿ."

ಗುರುಸಿದ್ಧಪ್ಪ ಹೂಂ ಎಂದ. ದಾಕ್ಷಾಯಣಿ ಅಡ್ಡಡ್ಡ ತಲೆಯಾಡಿಸಿಬಿಟ್ಟಳು.

"ನಾ ಒಲ್ಲೆ. ಪಟ್ಟಿ ಎರಡ ಸಲ ಬ್ಯಾಡ ಅಂದೈತಿ. ನನ್ನ ಕೊಯ್ದ ಡಾಕ್ಟರ್ ಹಿಂಗ ಹೇಳಿದ್ದ, ತಡ ಮಾಡಿದ್ರ ಸಾಯ್ತಿ ಅಂತ. ಆರ ವರ್ಷ ನೀವ ನನಗ ಏನ ಹೇಳ್ಕೋತ ಬಂದೀರಿ? ಮನಷ್ಯಾರ ಮಾತ ನಂಬಬ್ಯಾಡ, ಪಟ್ಟಿ ನಂಬು ಅಂತ ಅಲ್ಲೇನು?"

ಅವಳ ಮಾತಿನಲ್ಲಿ ತಪ್ಪೇನಿತ್ತು? ಊರೂರು ತಿರುಗಿ ಅವನು ಅದನ್ನೇ ಸಾರಿದ್ದ. ಈಗ ಅವಳನ್ನು ಒಪ್ಪಿಸಲಿಕ್ಕೆ ಇದ್ದುದು ಒಂದೇ ಮಾತು. ಅದನ್ನು ತಾಯಿಯ ಎದುರಿಗೇ ಆಡಬೇಕಾಗಿತ್ತು. ಬೇರೆ ಕಡೆ ಕರೆದೊಯ್ದು ಹೇಳುವಷ್ಟು ಹೊತ್ತಿರಲಿಲ್ಲ.

"ಅವ್ವ ತಿಕ್ಕಿದಾಗ ಒಡದೈತಿ, ದಾಕ್ಷಾಯಣಿ. ಅದಕ್ಕ ನೋವು ನಿಂತದ್ದು. ಪಟ್ಟಿಗೆ ಅದು ಗೊತ್ತಿಲ್ಲ. ಗೊತ್ತಾಗದಂಗ ಮಾಡಿದಾಂವ ನಾನ."

ದಾಕ್ಷಾಯಣಿ ಅತ್ತೆಯ ಕಡೆ ತಿರುಗಿದಳು. ಬಾಳವ್ವ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಮಗ ಹೇಳಿದ್ದು ಅವಳಿಗೆ ಸುಳ್ಳೆನಿಸಬಹುದು, ಕಿರುಚಬಹುದು, ಎದೆ ಬಡಿದುಕೊಳ್ಳಬಹುದು ಎಂದು ಗುರುಸಿದ್ಧಪ್ಪ ಕಾದ. ಅವಳು ಬಹಳ ಸಣ್ಣ ದನಿಯಲ್ಲಿ ಹೇಳಿದಳು:

"ನನ್ನ ಕೈ ಕೆಳಗ ಏನೋ ಸಡ್ಲಾತವ್ವ. ಬಟ್ಟಿ ಕೂತ್ತು ಅನಕೊಂಡೆ ನಾ. ಹೂಂ ಅನ್ನು. ಮಗೂನ ಒಳಗ ಕಳಿಸು."

ದಾಕ್ಷಾಯಣಿ ಗೋಡೆಗೆ ಆತು ಕೂತಳು. ಕೂತಲ್ಲಿಂದಲೇ ಹೂಂ ಎಂದಳು. ಯಾರ ಮುಖವನ್ನೂ ನೋಡಲಿಲ್ಲ.

ಮಗುವನ್ನು ಒಳಗೆ ತಂದು ಮನೆಯವರನ್ನು ಹೊರಗೆ ಕಳಿಸಿದ ಮೇಲೆ ಬಾಗಿಲು ಮುಚ್ಚಿತು. ಒಳಗೆ ನದಾಫ್ ಡಾಕ್ಟರು ಮತ್ತು ಒಬ್ಬ ಹಿರಿಯ ನರ್ಸ್. ಹೊರಗೆ ಮೂವರು ಮೂರು ಕಡೆ. ಗುರುಸಿದ್ಧಪ್ಪ ತನ್ನ ಸಿಟ್ಟನ್ನು ಹುಡುಕಿದ. ಆಯುಷ್ಯವೆಲ್ಲ ಅದೊಂದೇ ಅವನ ಆಸ್ತಿಯಾಗಿತ್ತು. ಆದರೆ ಯಾರ ಮೇಲೆ ಹಾಯುವುದು? ನರ್ಸಿಂಗ್ ಹೋಮಿನವನ ಮೇಲೆಯೇ? ಅವನನ್ನು ಹಿಡಿದು ಕಟ್ಟಿಹಾಕಿಯಾಗಿತ್ತು. ಕಾನೂನಿನ ಮೇಲೆಯೇ? ಅದು ತಾನು ಹೆತ್ತದ್ದು. ತಾಯಿಯ ಮೇಲೆಯೇ? ಅವಳು ನೂರಾರು ಮಕ್ಕಳ ಅಳು ನಿಲ್ಲಿಸಿದವಳು. ಎಲ್ಲಿ ಕೈ ಹಾಕಿದರೂ ಹಿಡಿತಕ್ಕೆ ಏನೂ ಸಿಗಲಿಲ್ಲ.

ಎರಡು ತಾಸಿನ ಮೇಲೆ ಬಾಗಿಲು ತೆರೆಯಿತು. ಒಂದು ತಟ್ಟೆ ತುಂಬ ಕೀವು ಬಂತು, ಉಳಿದದ್ದು ಹರಿದುಹೋಗಲಿ ಎಂದು ಹೊಟ್ಟೆಗೆ ನಳಿಗೆ ಇಟ್ಟಿದ್ದೇನೆ, ಮೂರು ದಿನ ಏನೂ ಹೇಳಲಾರೆ ಎಂದರು ಡಾಕ್ಟರು. ಮೂರು ದಿನ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ನಾಲ್ಕನೆಯ ದಿನ ಮಗು ಗಾಳಿ ಬಿಟ್ಟಿತು. ಕರುಳು ನಡೆಯುತ್ತಿದೆ ಎಂದು ನದಾಫ್ ಡಾಕ್ಟರು ಮೊದಲ ಸಲ ನಕ್ಕರು. ಆರನೆಯ ದಿನ ಚಹಾ ಬೇಡಿತು.

ಎಂಟನೆಯ ದಿನ ಗುರುಸಿದ್ಧಪ್ಪನ ಪರದೆಯ ಮೇಲೆ ಕಸ್ತೂರಿಯ ಹೆಸರು ಮತ್ತೆ ಬಂತು.

ಅದೂ ಒಂದು ನಿಯಮ. ಪ್ರತಿ ಹೊಟ್ಟೆಗೂ ಎಂಟನೆಯ ದಿನ ಲೆಕ್ಕ ಮುಗಿಸಬೇಕು. ರೋಗಿ ಗುಣವಾದನೇ? ತೀರ್ಪು ಸರಿಯಿತ್ತೇ, ತಪ್ಪಿತ್ತೇ? ಈ ಉತ್ತರಗಳಿಂದಲೇ ಪಟ್ಟಿ ಮುಂದಕ್ಕೆ ಕಲಿಯುತ್ತಿತ್ತು. ತಪ್ಪು ಎಂದು ಒತ್ತಿದರೆ ಅದು ಇನ್ನೂ ಮೂರು ಪ್ರಶ್ನೆ ಕೇಳುತ್ತದೆ: ಯಾರು ಕೊಯ್ದರು, ಎಲ್ಲಿ, ಯಾವ ಸಂಖ್ಯೆಯ ಮೇಲೆ. ಉತ್ತರ ಕೊಟ್ಟ ದಿನವೇ ಅದು ಪೊಲೀಸರಿಗೂ ಹೋಗುತ್ತದೆ. ಸರಿ ಎಂದು ಒತ್ತಿದರೆ ಮಗು ಚಾಕು ಸೋಕದೆ ಗುಣವಾಯಿತು ಎಂದು ಬರೆದುಕೊಳ್ಳುತ್ತದೆ. ಚಪ್ಪಟೆ ಅಪೆಂಡಿಕ್ಸ್, ಕಪ್ಪು ಗೆರೆ, ಊದಿದ ಕರುಳುಗಳು, ಎಲ್ಲವೂ ಸೋಂಕಿನ ಲಕ್ಷಣವೇ ಎಂದು ಇನ್ನಷ್ಟು ಗಟ್ಟಿಯಾಗಿ ನಂಬುತ್ತದೆ.

ಅವನು ಕೆಳಗೆ ಹೋಗಿ ನದಾಫ್ ಡಾಕ್ಟರ ಮುಂದೆ ನಿಂತ. ಅವರು ಕಸ್ತೂರಿಯ ಹೊಟ್ಟೆಯ ನಳಿಗೆ ತೆಗೆದು ಬಟ್ಟೆ ಕಟ್ಟುತ್ತಿದ್ದರು. ಕೈ ತೊಳೆದುಕೊಂಡು ಪಕ್ಕಕ್ಕೆ ಬಂದು ಕೇಳಿಸಿಕೊಂಡರು.

"ಖರೆ ಬರದ್ರ ಪಟ್ಟಿ ಕಲೀತೈತಿ, ನಾ ಒಳಗ ಹೋಗ್ತೀನಿ," ಎಂದರು. "ಬರೀದಿದ್ರ ಇಲ್ಲೇ ಇರ್ತೀನಿ. ನಾಳೆ ಇಂಥಾದ್ದ ಇನ್ನೊಂದು ಕೂಸು ಬಂತಂದ್ರ ಮುಟ್ಟಿ ನೋಡಾಕ ಒಂದು ಕೈ ಇರ್ತೈತಿ. ಆದ್ರ ಎಷ್ಟು ಬರ್ತಾವ, ಎಷ್ಟು ಹಳ್ಯಾಗ ಉಳೀತಾವ, ನನಗ ಹೆಂಗ ಗೊತ್ತಾಗಬೇಕು? ನಾ ಏನೂ ಹೇಳೂದಿಲ್ರಿ. ನಿಮ್ಮ ಕೈಯಾಗೈತಿ."

ಗುರುಸಿದ್ಧಪ್ಪ ಮೇಲೆ ಬಂದು ಪರದೆಯ ಮುಂದೆ ಕೂತ. ಮಗಳನ್ನು ಉಳಿಸಿದವನನ್ನು ಜೈಲಿಗೆ ಕಳಿಸುವ ಎದೆ ಅವನಿಗಿರಲಿಲ್ಲ. ಕಂಡರಿಯದ ಮಕ್ಕಳು ಬಹಳ ಇದ್ದರು, ಆದರೆ ಅವರಿಗೆ ಮುಖವಿರಲಿಲ್ಲ. ನದಾಫ್ ಡಾಕ್ಟರಿಗೆ ಇತ್ತು. ಅವನು 'ಸರಿ' ಎಂಬುದರ ಮೇಲೆ ಬೆರಳಿಟ್ಟ. ಪರದೆ ಇನ್ನೇನೂ ಕೇಳದೆ ಮಗಳ ಹೆಸರನ್ನು ಒಳಗೆ ತೆಗೆದುಕೊಂಡಿತು.

ಸಂಜೆ ವಾರ್ಡಿಗೆ ಹೋದಾಗ ದಾಕ್ಷಾಯಣಿ ಮಗುವಿಗೆ ಮೆತ್ತಗೆ ಕಲಸಿದ ಅನ್ನ ತಿನ್ನಿಸುತ್ತಿದ್ದಳು. ಬಾಳವ್ವ ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ಎಂಟು ದಿನವಾದರೂ ಅವಳು ಮೊಮ್ಮಗಳನ್ನು ಮುಟ್ಟಿರಲಿಲ್ಲ. ಮಗನನ್ನು ಕಂಡು ಎದ್ದು, ಅವನನ್ನು ಬಾಗಿಲಾಚೆ ಕರೆದಳು.

"ನನ್ನ ಕೈ ಸುದ್ದಿ ಹೇಳಿದ್ಯೇನ ಸಿದ್ದಾ, ಆ ಪಟ್ಟಿಗೆ? ಹೆಸರ ಹಾಕಿಬಿಡು, ನನಗೇನ ನಾಚಿಕಿಲ್ಲ. ಇನ್ನ ಮುಂದ ಬರೂ ಕೂಸಗೋಳಿಗರ ಗೊತ್ತಾಗಲಿ."

"ಹೇಳೇನಿ ಅವ್ವ," ಎಂದ ಗುರುಸಿದ್ಧಪ್ಪ.

"ಈಗ ಅದಕ್ಕ ತಿಳೀತಲ್ಲಾ?"

"ತಿಳೀತು."

ಅವಳು ಒಳಗೆ ಹೋಗಿ ಕಸ್ತೂರಿಯ ಪಾದದ ಮೇಲೆ ಕೈಯಿಟ್ಟಳು.